ರೆಕ್ಕೆ ಮೊದಲು, ಕಥೆ ಆಮೇಲೆ: ಮಕ್ಕಳಿಗಾಗಿ ಡ್ರ್ಯಾಗನ್, ಕಿನ್ನರಿಯರ ಸರಣಿ ಬರೆಯುವ ಬಗೆ

ಡ್ರ್ಯಾಗನ್ ಸರಣಿ ಬರೆಯಬೇಕು ಅಂತ ಕೂತವರು ಮೊದಲು ಮಾಡುವ ಕೆಲಸ ಎರಡು. ಒಂದು, ಇಲ್ಲದ ರಾಜ್ಯದ ನಕ್ಷೆ. ಇನ್ನೊಂದು, ನಾಲಿಗೆ ಹೊರಳದ ಹೆಸರುಗಳ ಪಟ್ಟಿ. ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಒಂದು ಹಾಳೆ ತಗೊಂಡು ಬರೀ ರೆಕ್ಕೆ ಬಿಡಿಸಿ. ಚಿತ್ರ ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ. ಅದು ಮೈಯಲ್ಲಿ ಎಲ್ಲಿಂದ ಶುರುವಾಗುತ್ತದೆ, ಎಲ್ಲಿ ಮಡಚಿಕೊಳ್ಳುತ್ತದೆ, ಮಲಗುವಾಗ ಎಲ್ಲಿರುತ್ತದೆ, ಇಷ್ಟು ಗೊತ್ತಾದರೆ ಸಾಕು.

ನಾನು ಏಳರಿಂದ ಹತ್ತು ವರ್ಷದ ಮಕ್ಕಳಿಗೆ ಇಂಥ ಕಥೆ ಬರೆಯುವವಳು. ನನ್ನ ಮೊದಲ ಓದುಗಿ ಅಕ್ಕನ ಮಗಳು. ಅವಳಿಗೆ ಎಂಟು ವರ್ಷ. ಅವಳ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ರೆಕ್ಕೆಯ ಬಗ್ಗೆಯೇ ಇರುತ್ತವೆ. "ಚಿಕ್ಕಿ, ಮಳೆ ಬಂದ್ರೆ ಅದು ಒದ್ದೆ ಆಗಲ್ವಾ?" "ಅಂಗಿ ಹೇಗೆ ಹಾಕ್ಕೊಳ್ಳುತ್ತೆ?" "ಅಂಗಾತ ಮಲಗಿದ್ರೆ ನೋಯಲ್ವಾ?" ರಾಜವಂಶದ ಚರಿತ್ರೆಯನ್ನು ಅವಳು ಯಾವತ್ತೂ ಕೇಳಿಲ್ಲ.

ಹಾಗಾಗಿ ನನ್ನ ವಿಧಾನ ಇಷ್ಟೇ: ರೆಕ್ಕೆಯಿಂದ ಏನು ಆಗುತ್ತದೆ ಅನ್ನುವುದಕ್ಕಿಂತ ಮೊದಲು ಏನು ಆಗುವುದಿಲ್ಲ ಅಂತ ತೀರ್ಮಾನ ಮಾಡಿ. ಯಾವಾಗ ಬೇಕಾದರೂ, ಎಲ್ಲಿಗೆ ಬೇಕಾದರೂ ಹಾರುವ ಪ್ರಾಣಿಯನ್ನು ಇಟ್ಟುಕೊಂಡು ಕಥೆ ಕಟ್ಟಲು ಆಗುವುದಿಲ್ಲ. ಕಷ್ಟ ಬಂತು, ಹಾರಿ ಹೋಯಿತು, ಮುಗಿಯಿತು. ಹಾರಲು ಆಗದ ಹೊತ್ತು ಯಾವುದು ಅಂತ ಗೊತ್ತಾದ ದಿನ ನಿಮ್ಮ ಕೈಗೆ ಒಂದಲ್ಲ, ನಾಲ್ಕೈದು ಪುಸ್ತಕಕ್ಕೆ ಆಗುವಷ್ಟು ಕಥೆ ಸಿಗುತ್ತದೆ.

ಯಾವ ರೆಕ್ಕೆ ಕೊಡುತ್ತೀರಿ?

ಹೊಸ ರೆಕ್ಕೆ ಕಲ್ಪಿಸಿಕೊಳ್ಳಲು ತಲೆ ಕೆಡಿಸಿಕೊಳ್ಳಬೇಡಿ. ನಿಜವಾದ ಪ್ರಾಣಿಗಳಲ್ಲೇ ಬೇಕಾದಷ್ಟು ಬಗೆಯ ರೆಕ್ಕೆಗಳಿವೆ. ಒಂದೊಂದಕ್ಕೂ ಒಂದೊಂದು ಕೊರತೆ ಇದೆ. ನಾವು ಆರಿಸಬೇಕಾದದ್ದು ಆ ಕೊರತೆಯನ್ನು.

ನನಗೆ ತುಂಬಾ ಇಷ್ಟ ಬಾವಲಿಯ ರೆಕ್ಕೆ. ಅದು ಅಸಲಿಗೆ ಒಂದು ಕೈ. ನಾಲ್ಕು ಬೆರಳು ಉದ್ದಕ್ಕೆ ಬೆಳೆದಿವೆ, ಅವುಗಳ ನಡುವೆ ತೆಳ್ಳಗಿನ ಚರ್ಮ ಹರಡಿದೆ. ಹೆಬ್ಬೆರಳು ಮಾತ್ರ ಹೊರಗೆ ಉಳಿದು ಕೊಕ್ಕೆಯಂತೆ ಬಾಗಿದೆ. ಬೆಳಕಿಗೆ ಹಿಡಿದರೆ ಚರ್ಮದೊಳಗಿನ ರಕ್ತನಾಳ ಕಾಣುತ್ತದೆ. ಡ್ರ್ಯಾಗನ್‌ಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಇದು ಮುಟ್ಟಬಲ್ಲ ರೆಕ್ಕೆ. ಮರಿಯನ್ನು ಸುತ್ತಿ ಮಲಗಿಸಬಹುದು, ಹೆಬ್ಬೆರಳಲ್ಲಿ ಬಂಡೆ ಹಿಡಿದು ಹತ್ತಬಹುದು, ನಾಚಿಕೆಯಾದರೆ ಮುಖ ಮುಚ್ಚಿಕೊಳ್ಳಬಹುದು. ಕೊರತೆ ಏನು? ಅನೇಕ ಬಾವಲಿಗಳಿಗೆ ನೆಲದಿಂದ ನೇರವಾಗಿ ಏಳುವುದು ಕಷ್ಟ. ಎತ್ತರದಲ್ಲಿ ತಲೆಕೆಳಗಾಗಿ ನೇತಾಡಿ, ಕೈಬಿಟ್ಟು ಬಿದ್ದು, ಬೀಳುತ್ತಲೇ ರೆಕ್ಕೆ ಬಿಚ್ಚುತ್ತವೆ. ನಿಮ್ಮ ಡ್ರ್ಯಾಗನ್‌ಗೂ ಇದೇ ನಿಯಮ ಇಟ್ಟು ನೋಡಿ. ಬಯಲಲ್ಲಿ ಇಳಿದರೆ ಅದು ಸಿಕ್ಕಿಹಾಕಿಕೊಂಡ ಹಾಗೆ. ಮತ್ತೆ ಹಾರಬೇಕಾದರೆ ಯಾವುದಾದರೂ ಗುಡ್ಡ ಹತ್ತಬೇಕು. ಅದರ ಜೊತೆ ಒಂದು ಮಗು ನಡೆದುಕೊಂಡು ಹೋಗಬೇಕು. ಅರ್ಧ ಪುಸ್ತಕ ಆ ನಡಿಗೆಯಲ್ಲೇ ಹುಟ್ಟುತ್ತದೆ.

ಹಕ್ಕಿಯ ಗರಿಗೆ ಬೇರೆ ಕಥೆ. ಗರಿ ಮುರಿದರೆ ಕೂಡುವುದಿಲ್ಲ. ಹಳೆಯದು ಉದುರಿ ಹೊಸದು ಬರಬೇಕು. ಬಾವಲಿಯ ಚರ್ಮದಲ್ಲಿ ಸಣ್ಣ ತೂತಾದರೆ ಕೆಲವು ವಾರಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಚಿಟ್ಟೆಯದು ಹರಿದರೆ ಹರಿದೇ ಹೋಯಿತು, ಬದುಕಿರುವಷ್ಟು ದಿನ ಅದೇ ಹರಕು ರೆಕ್ಕೆ. ಒಂದೇ ಗಾಯಕ್ಕೆ ಮೂರು ಬೇರೆ ಬೇರೆ ಪರಿಣಾಮ, ನೋಡಿ. ಮೂರೂ ಬಗೆಯ ಪಾತ್ರಗಳು ಒಂದೇ ಮುಳ್ಳುಬೇಲಿಗೆ ಸಿಕ್ಕಿಕೊಂಡರೆ ಒಬ್ಬರಿಗೆ ರಜೆ, ಒಬ್ಬರಿಗೆ ಕಾಯುವಿಕೆ, ಒಬ್ಬರಿಗೆ ಬದುಕೇ ಬದಲು.

ಬಾತುಕೋಳಿಗಳಲ್ಲಿ ಇನ್ನೂ ಒಂದು ವಿಚಿತ್ರ ಇದೆ. ವರ್ಷಕ್ಕೊಮ್ಮೆ ಅವುಗಳ ಹಾರುವ ಗರಿಗಳೆಲ್ಲ ಒಟ್ಟಿಗೇ ಉದುರುತ್ತವೆ. ಕೆಲವು ವಾರ ಅವು ಹಾರಲಾರವು. ಜೊಂಡಿನ ಮರೆಯಲ್ಲಿ ಅಡಗಿ ದಿನ ಕಳೆಯುತ್ತವೆ. ಇದನ್ನು ಗರಿಯಿರುವ ಕುದುರೆಗೋ, ಗರಿಯಿರುವ ಡ್ರ್ಯಾಗನ್‌ಗೋ ಕೊಟ್ಟುಬಿಡಿ. ಶತ್ರುವಿಗೆ ಈ ಗುಟ್ಟು ಗೊತ್ತಾದರೆ? ಇಷ್ಟೇ ಸಾಕು, ಒಂದು ಇಡೀ ಪುಸ್ತಕ.

ಗೂಬೆಯ ಗರಿ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಸಣ್ಣ ಸಣ್ಣ ಎಳೆ ಇರುತ್ತದೆ, ಅದರಿಂದ ಹಾರಿದರೂ ಸದ್ದಾಗುವುದಿಲ್ಲ. ಆದರೆ ಅಷ್ಟು ಮೆತ್ತಗಿನ ಗರಿ ನೀರನ್ನು ಚೆನ್ನಾಗಿ ತಡೆಯುವುದಿಲ್ಲ. ಮಳೆಯಲ್ಲಿ ಕೆಲವು ಗೂಬೆಗಳಿಗೆ ಬೇಟೆಯೇ ಕಷ್ಟ. ಸದ್ದಿಲ್ಲದ ಪಾತ್ರಕ್ಕೆ ಮಳೆ ಶತ್ರು ಆಗಲಿ.

ಏರೋಪ್ಲೇನ್ ಚಿಟ್ಟೆ ಅಂತೀವಲ್ಲ, ಕೊಡತಿ ಹುಳ ಅಂತಲೂ ಕೆಲವರು ಹೇಳುತ್ತಾರೆ, ಅದರ ನಾಲ್ಕು ರೆಕ್ಕೆಗಳು ಒಂದೊಂದೂ ಬೇರೆ ಬೇರೆ ಆಡುತ್ತವೆ. ಗಾಳಿಯಲ್ಲಿ ನಿಲ್ಲುತ್ತದೆ, ಹಿಂದಕ್ಕೂ ಹಾರುತ್ತದೆ. ಆದರೆ ಅದು ರೆಕ್ಕೆಯನ್ನು ಬೆನ್ನ ಮೇಲೆ ಮಡಚಿಕೊಳ್ಳಲಾರದು, ಸದಾ ಚಾಚಿಕೊಂಡೇ ಇರಬೇಕು. ಇಂಥ ಕಿನ್ನರಿ ಕಿರಿದಾದ ಬಿಲದೊಳಗೆ ಹೋಗಲಾರಳು, ಕಿಕ್ಕಿರಿದ ಜಾಗದಲ್ಲಿ ಕೂರಲಾರಳು. ಗುಲಗಂಜಿ ಹುಳುವಿನಂಥ ದುಂಬಿಗಳಿಗೆ ಇದರ ತದ್ವಿರುದ್ಧ. ಮೇಲೆ ಗಟ್ಟಿ ಚಿಪ್ಪು, ಅದರಡಿ ಮಡಚಿಟ್ಟ ಹಾರುವ ರೆಕ್ಕೆ. ಎಲ್ಲಿ ಬೇಕಾದರೂ ನುಸುಳಬಹುದು. ಆದರೆ ಹಾರುವ ಮೊದಲು ಚಿಪ್ಪು ಎತ್ತಬೇಕು, ಒಳಗಿನದನ್ನು ಬಿಚ್ಚಬೇಕು. ತಕ್ಷಣ ಓಡಿಹೋಗಬೇಕಾದಾಗ ಆ ಒಂದು ಕ್ಷಣ ಎಷ್ಟು ದೊಡ್ಡದು ಅಂತ ಬರೆಯುವಾಗ ಗೊತ್ತಾಗುತ್ತದೆ.

ಕಾಲು ಎಣಿಸಿ

ಹೆಚ್ಚಿನ ಚಿತ್ರಗಳಲ್ಲಿ ಡ್ರ್ಯಾಗನ್‌ಗೆ ನಾಲ್ಕು ಕಾಲು, ಮೇಲೆ ಎರಡು ರೆಕ್ಕೆ. ಒಟ್ಟು ಆರು ಅಂಗ. ಹಕ್ಕಿ, ಬಾವಲಿ ಎರಡರಲ್ಲೂ ಮುಂಗಾಲೇ ರೆಕ್ಕೆಯಾಗಿರುವುದು. ಹಾಗಾದರೆ ಈ ಹೆಚ್ಚುವರಿ ಜೋಡಿ ಎಲ್ಲಿಂದ ಬಂತು? ಮಾಯೆ ಅಂತ ಹೇಳಿ ದಾಟಿಬಿಡಬಹುದು, ತಪ್ಪೇನಿಲ್ಲ. ಆದರೆ ಹಾರುವ ಓತಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಅದಕ್ಕೆ ನಾಲ್ಕು ಕಾಲೂ ಇವೆ, ರೆಕ್ಕೆಯೂ ಇದೆ. ರೆಕ್ಕೆ ಆಗಿರುವುದು ಅದರ ಪಕ್ಕೆಲುಬು. ಪಕ್ಕೆಲುಬುಗಳು ಉದ್ದವಾಗಿ ಹೊರಚಾಚಿ ನಡುವಿನ ಚರ್ಮವನ್ನು ಬಿಚ್ಚುತ್ತವೆ. ವಿಜ್ಞಾನಿಗಳು ಈ ಓತಿಗಳಿಗೆ ಇಟ್ಟ ಹೆಸರೂ ಡ್ರಾಕೋ, ಅಂದರೆ ಡ್ರ್ಯಾಗನ್ ಅಂತಲೇ. ಅದು ರೆಕ್ಕೆ ಬಡಿಯಲಾರದು, ಮರದಿಂದ ಮರಕ್ಕೆ ತೇಲುತ್ತದೆ ಅಷ್ಟೇ. ಮೇಲಿಂದ ಕೆಳಕ್ಕೆ ಮಾತ್ರ ಹೋಗಬಲ್ಲ ಪುಟ್ಟ ಡ್ರ್ಯಾಗನ್ ಒಂದು ಇದ್ದರೆ ಎಷ್ಟು ಚೆನ್ನ, ಅಲ್ವಾ?

ರೆಕ್ಕೆಯೇ ಇಲ್ಲದೆ ಹಾರಿಸುವ ದಾರಿಯೂ ಇದೆ. ಚೀನಾದ ಸಾಂಪ್ರದಾಯಿಕ ಡ್ರ್ಯಾಗನ್‌ಗೆ ಸಾಮಾನ್ಯವಾಗಿ ರೆಕ್ಕೆ ಇರುವುದಿಲ್ಲ, ಅದು ಮಳೆ ಮೋಡದ ಜೊತೆಗಾರ. ನಮ್ಮ ಪುರಾಣದಲ್ಲೋ, ಬೆಟ್ಟಗಳಿಗೇ ರೆಕ್ಕೆ ಇದ್ದವು. ಇಂದ್ರ ಅವನ್ನು ಕತ್ತರಿಸುತ್ತಾ ಬಂದಾಗ ಮೈನಾಕ ಹೋಗಿ ಸಮುದ್ರದಲ್ಲಿ ಅಡಗಿಕೊಂಡ. ಹಾರುವ ಬೆಟ್ಟ ಎಲ್ಲಿ ಇಳಿಯುತ್ತದೋ ಅಂತ ಕೆಳಗಿದ್ದವರಿಗೆ ಭಯ. ಇದನ್ನು ಕಲ್ಪಿಸಿದವರು ರೆಕ್ಕೆಯ ಜೊತೆಗೆ ಅದರ ತೊಂದರೆಯನ್ನೂ ಕಲ್ಪಿಸಿದ್ದಾರೆ. ಸಂಪಾತಿಯ ಕಥೆಯೂ ಹಾಗೆಯೇ. ತಮ್ಮ ಜಟಾಯು ಸೂರ್ಯನ ಬಿಸಿಗೆ ಸಿಕ್ಕಾಗ ಮೇಲೆ ರೆಕ್ಕೆ ಹರಡಿ ನೆರಳು ಕೊಟ್ಟ, ಅವನ ರೆಕ್ಕೆ ಸುಟ್ಟುಹೋಯಿತು. ಎಷ್ಟೋ ಕಾಲದ ನಂತರ, ಹಾರಲಾರದೆ ಕೂತಿದ್ದ ಅವನೇ ದೂರದೃಷ್ಟಿಯಿಂದ ಸೀತೆ ಇರುವ ಜಾಗವನ್ನು ವಾನರರಿಗೆ ಹೇಳುತ್ತಾನೆ. ಸರಣಿ ಬರೆಯುವವರು ಇದನ್ನು ಮತ್ತೆ ಮತ್ತೆ ಓದಬೇಕು. ಹಾರಾಟ ಹೋದರೂ ಪಾತ್ರ ಕಥೆಗೆ ಬೇಕಾಗಿಯೇ ಉಳಿದಿದೆ.

ತೂಕ, ಹಸಿವು, ಚಳಿ

ಪ್ರಾಣಿಯ ಉದ್ದ, ಅಗಲ, ಎತ್ತರ ಮೂರನ್ನೂ ಎರಡರಷ್ಟು ಮಾಡಿದರೆ ತೂಕ ಎಂಟು ಪಟ್ಟು ಆಗುತ್ತದೆ, ರೆಕ್ಕೆಯ ಹರವು ನಾಲ್ಕೇ ಪಟ್ಟು. ದೊಡ್ಡದಾದಷ್ಟೂ ಹಾರುವುದು ಕಷ್ಟ ಅನ್ನುವುದು ಇದರಿಂದಲೇ. ಇವತ್ತು ಹಾರುವ ಹಕ್ಕಿಗಳಲ್ಲಿ ಅತಿ ಭಾರದವು ಬಸ್ಟರ್ಡ್ ಜಾತಿಯವು. ಅವುಗಳಲ್ಲಿ ದೊಡ್ಡ ಗಂಡುಗಳು 18 ಕೆಜಿ ಆಸುಪಾಸು ತೂಗಬಲ್ಲವು. ಹಿಂದೆ ಇದ್ದ ಕ್ವೆಟ್ಜಾಲ್ಕೋಆಟ್ಲಸ್ ಅನ್ನುವ ಹಾರುವ ಸರೀಸೃಪದ ರೆಕ್ಕೆ ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು 10 ಮೀಟರ್. ನೆಲದ ಮೇಲೆ ನಿಂತರೆ ಜಿರಾಫೆಯ ಎತ್ತರ. ಅದು ಮಡಚಿದ ರೆಕ್ಕೆಯನ್ನೇ ಮುಂಗಾಲಿನಂತೆ ನೆಲಕ್ಕೆ ಒತ್ತಿ ಜಿಗಿದು ಮೇಲೇಳುತ್ತಿತ್ತು ಅಂತ ಅನೇಕ ವಿಜ್ಞಾನಿಗಳ ಅಂದಾಜು. ನಿಮ್ಮ ಡ್ರ್ಯಾಗನ್‌ಗೆ ಈ ಅಳತೆ ಒಳ್ಳೆಯ ಮಿತಿ. ಅದಕ್ಕಿಂತ ದೊಡ್ಡದು ಬೇಕಾದರೆ ಮಾಡಿ, ಆದರೆ ಅದು ಸುಮ್ನೆ ಎದ್ದು ಹಾರುವುದು ಬೇಡ. ಗಾಳಿಗೆ ಕಾಯಲಿ, ಬಂಡೆಯ ತುದಿಯಿಂದ ಧುಮುಕಲಿ, ಓಡಿ ಓಡಿ ಏಳಲಿ.

ಪುಟ್ಟ ಪಾತ್ರಗಳಿಗೆ ಹಸಿವಿನ ಕಾಟ. ಹಮ್ಮಿಂಗ್‌ಬರ್ಡ್ ಸೆಕೆಂಡಿಗೆ ಸುಮಾರು 50 ಸಲ ರೆಕ್ಕೆ ಬಡಿಯುತ್ತದೆ. ಅಷ್ಟು ಶಕ್ತಿ ಬೇಕಾದ್ದರಿಂದ ಹಗಲಿಡೀ ಮತ್ತೆ ಮತ್ತೆ ಮಕರಂದ ಹೀರಬೇಕು. ಚಳಿಯ ರಾತ್ರಿಯಲ್ಲಿ ಅದರ ಮೈ ತಣ್ಣಗಾಗಿ, ಎದೆಬಡಿತ ನಿಧಾನವಾಗಿ, ಸತ್ತಂತೆ ಬಿದ್ದಿರುತ್ತದೆ. ಬೆಳಗ್ಗೆ ಮತ್ತೆ ಬಿಸಿಯಾಗಿ ಏಳುತ್ತದೆ. ಹೀಗೆ ಮಲಗುವ ಕಿನ್ನರಿಯನ್ನು ಮೊದಲ ಸಲ ನೋಡಿದ ಮಗುವಿಗೆ ಏನನ್ನಿಸಬಹುದು? ಸತ್ತಳು ಅಂತಲೇ ಅಂದುಕೊಳ್ಳುತ್ತದೆ. ಅಂಗೈಯಲ್ಲಿ ಇಟ್ಟುಕೊಂಡು ರಾತ್ರಿಯಿಡೀ ಕಾಯುತ್ತದೆ. ಮೊದಲ ಪುಸ್ತಕದ ಮೂರನೇ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಕೊನೆ ನನಗೆ ಗೊತ್ತಿಲ್ಲ.

ಚಿಟ್ಟೆಯೂ ಬೆಳಗ್ಗೆ ಬಿಸಿಲಿಗೆ ರೆಕ್ಕೆ ಬಿಚ್ಚಿ ಮೈ ಕಾಯಿಸಿಕೊಳ್ಳದೆ ಹಾರುವುದಿಲ್ಲ. ಗೂಡಿನಿಂದ ಹೊರಬಂದ ಹೊಸ ಚಿಟ್ಟೆಯ ರೆಕ್ಕೆ ಸುಕ್ಕುಸುಕ್ಕಾಗಿ ಒದ್ದೆಯಾಗಿರುತ್ತದೆ. ಅದು ಮೈಯೊಳಗಿನ ದ್ರವವನ್ನು ರೆಕ್ಕೆಯ ನಾಳಗಳಿಗೆ ತಳ್ಳಿ ಉಬ್ಬಿಸಬೇಕು, ಒಣಗುವ ತನಕ ನೇತಾಡಬೇಕು. ಯಾರಾದರೂ 'ಸಹಾಯ' ಮಾಡಲು ಹೋಗಿ ಎಳೆದರೆ ರೆಕ್ಕೆ ಹಾಳು.

ಇದನ್ನೆಲ್ಲ ಕಥೆಯಲ್ಲಿ ಪಾಠದ ಹಾಗೆ ಬರೆಯಬೇಡಿ. ಪಾತ್ರಕ್ಕೊಂದು ಚೀಟಿ ಮಾಡಿ. ಒಂದು ಚೀಟಿಯಲ್ಲಿ ಮೂರೇ ಸಾಲು: ಯಾವ ರೆಕ್ಕೆ, ಯಾವಾಗ ಹಾರಲಾರದು, ಹಾರಿದ ಮೇಲೆ ಏನು ಬೇಕು. ನನ್ನ ಒಂದು ಚೀಟಿ ಹೀಗಿದೆ: "ಬೂದಿ. ಬಾವಲಿ ರೆಕ್ಕೆಯ ಡ್ರ್ಯಾಗನ್, ಕರುವಿನಷ್ಟು. ನೆಲದಿಂದ ಏಳಲಾರ. ಹಾರಿದ ಮೇಲೆ ಹೆಗಲು ನೋಯುತ್ತದೆ, ಯಾರಾದರೂ ತಿಕ್ಕಬೇಕು, ಆದರೆ ಕೇಳಲು ಬಿಗುಮಾನ." ಮೂರನೇ ಸಾಲಿನಲ್ಲಿ ಸ್ವಭಾವ ತಾನಾಗಿಯೇ ಬಂದು ಕೂತಿತು, ಗಮನಿಸಿ. ರೆಕ್ಕೆಯಿಂದ ಶುರು ಮಾಡಿದರೆ ಹೀಗಾಗುತ್ತದೆ.

ಬೆಂಕಿಗೂ ಲೆಕ್ಕ ಇರಲಿ

ಬಾಂಬಾರ್ಡಿಯರ್ ಅನ್ನುವ ದುಂಬಿ ತನ್ನ ಹೊಟ್ಟೆಯ ತುದಿಯಿಂದ ಹೆಚ್ಚುಕಡಿಮೆ 100 ಡಿಗ್ರಿ ಸೆಲ್ಸಿಯಸ್ ಬಿಸಿಯ ದ್ರವ ಚಿಮ್ಮಿಸುತ್ತದೆ, ಪಟ್ ಪಟ್ ಅಂತ ಸದ್ದೂ ಬರುತ್ತದೆ. ಮೈಯೊಳಗೆ ಒಂದು ಚೀಲದಲ್ಲಿ ರಾಸಾಯನಿಕಗಳಿರುತ್ತವೆ, ಇನ್ನೊಂದು ಗಟ್ಟಿ ಗೋಡೆಯ ಕೋಣೆಯಲ್ಲಿ ಕಿಣ್ವಗಳು. ಬೇಕೆಂದಾಗ ಮಾತ್ರ ಎರಡೂ ಬೆರೆಯುತ್ತವೆ. ಡ್ರ್ಯಾಗನ್ ಬೆಂಕಿಗೆ ಇದೇ ಉಪಾಯ ಸಾಲ ತಗೊಳ್ಳಿ. ಎರಡು ಚೀಲ. ಖಾಲಿಯಾದರೆ ತುಂಬಲು ಸಮಯ ಬೇಕು. ಹಾಗಾದಾಗ ಬೆಂಕಿ ಉಗುಳುವ ಮುನ್ನ ಡ್ರ್ಯಾಗನ್ ಯೋಚಿಸುತ್ತದೆ. ಯೋಚಿಸುವ ಡ್ರ್ಯಾಗನ್ ಬರೆಯಲು ಸುಲಭ. ಮರಿಗಳಿಗೆ ಒಂದೇ ಚೀಲ ತುಂಬಿದ್ದು ಬರೀ ಕೆಟ್ಟ ವಾಸನೆ ಬರಲಿ, ಮಕ್ಕಳು ನಕ್ಕು ನಕ್ಕು ಸುಸ್ತಾಗುತ್ತಾರೆ.

ಕಿನ್ನರಿಯ ಅಳತೆ

ಕಿನ್ನರಿ ಎಷ್ಟು ಎತ್ತರ ಅಂತ ಒಂದು ದಾರ ಕತ್ತರಿಸಿ ಮೇಜಿನ ಮೇಲೆ ಇಟ್ಟುಕೊಳ್ಳಿ. ಬರೆಯುವಾಗ ಆಗಾಗ ಲೋಟದ ಪಕ್ಕ, ಪೆನ್ಸಿಲ್ ಪಕ್ಕ ಹಿಡಿದು ನೋಡಿ. ಇಲ್ಲದಿದ್ದರೆ ಒಂದು ಪುಟದಲ್ಲಿ ಹೂವಿನೊಳಗೆ ಮಲಗಿದವಳು ಇನ್ನೊಂದು ಪುಟದಲ್ಲಿ ಬಾಗಿಲ ಚಿಲಕ ತೆಗೆಯುತ್ತಾಳೆ. ಮಕ್ಕಳು ಹಿಡಿದುಬಿಡುತ್ತಾರೆ.

ಬೆರಳುದ್ದದವಳಿಗೆ ಜಗತ್ತೇ ಬೇರೆ. ಒಂದು ಮಳೆಹನಿ ಅಂದರೆ ತಲೆಯ ಮೇಲೆ ಬಿದ್ದ ಚೊಂಬು ನೀರು. ಜೇಡರ ಬಲೆ ಅಂದರೆ ಮೈಗೆ ಅಂಟುವ ಹಗ್ಗ. ಎತ್ತರದಿಂದ ಬಿದ್ದರೆ ಮಾತ್ರ ಅವಳಿಗೆ ಅಷ್ಟೇನೂ ಪೆಟ್ಟಾಗದು, ಯಾಕೆಂದರೆ ಹಗುರ ಮೈ ನಿಧಾನವಾಗಿ ಬೀಳುತ್ತದೆ. ನಾವು ಹೆದರುವುದಕ್ಕೆ ಅವಳು ಹೆದರುವುದಿಲ್ಲ, ನಾವು ಗಮನಿಸದ್ದಕ್ಕೆ ಹೆದರುತ್ತಾಳೆ. ಈ ಪಟ್ಟಿಯನ್ನು ನೀವೇ ಬೆಳೆಸಿ. ನಮ್ಮ ಮನೆಯಲ್ಲಿ ಇದು ಆಟವೇ ಆಗಿಬಿಟ್ಟಿದೆ. "ಸೋಪಿನ ಗುಳ್ಳೆಯೊಳಗೆ ಸಿಕ್ಕಿಹಾಕಿಕೊಂಡರೆ?" ಅಂತ ಅಕ್ಕನ ಮಗಳು ಶುರು ಮಾಡಿದರೆ ಊಟ ಮುಗಿಯುವ ತನಕ ನಿಲ್ಲುವುದಿಲ್ಲ.

ಒಂದು ಮಾತು ಸೇರಿಸುತ್ತೇನೆ. ಕಿನ್ನರಿಗೆ ಚಿಟ್ಟೆಯ ರೆಕ್ಕೆಯೇ ಇರಬೇಕು ಅನ್ನುವುದು ತೀರಾ ಹಳೆಯ ಪದ್ಧತಿ ಏನಲ್ಲ. ಯುರೋಪಿನ ಹಳ್ಳಿಕಥೆಗಳ ಕಿನ್ನರಿಯರಿಗೆ ಹೆಚ್ಚಾಗಿ ರೆಕ್ಕೆಯೇ ಇರಲಿಲ್ಲ. 18ನೇ ಶತಮಾನದ ಕೊನೆಯಿಂದ ಈಚೆಗೆ ಚಿತ್ರಕಾರರು ಅಂಟಿಸಿದ ರೆಕ್ಕೆ ಅದು. 1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲಿಯಲ್ಲಿ ಎಲ್ಸಿ ರೈಟ್, ಫ್ರಾನ್ಸಿಸ್ ಗ್ರಿಫಿತ್ಸ್ ಅನ್ನುವ ಇಬ್ಬರು ಹುಡುಗಿಯರು ಕಿನ್ನರಿಯರ ಫೋಟೊ ತೆಗೆದಾಗ ಷರ್ಲಾಕ್ ಹೋಮ್ಸ್ ಕಥೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ಅಂಥವರೇ ನಂಬಿದರು. ಅವು ಕಾಗದದಲ್ಲಿ ಬರೆದು ಕತ್ತರಿಸಿ, ಟೋಪಿಯ ಪಿನ್ನಿನಿಂದ ನಿಲ್ಲಿಸಿದ ಚಿತ್ರಗಳು ಅಂತ ಅವರು ಒಪ್ಪಿಕೊಂಡಿದ್ದು 1983ರಲ್ಲಿ, ಇಬ್ಬರೂ ಮುದುಕಿಯರಾದ ಮೇಲೆ. ಅಂದರೆ ಚಿಟ್ಟೆ ರೆಕ್ಕೆ ಜನಕ್ಕೆ ಅಷ್ಟು ಒಗ್ಗಿಹೋಗಿತ್ತು. ಒಗ್ಗಿದ್ದನ್ನೇ ಮತ್ತೆ ಕೊಡುವ ಬದಲು ದುಂಬಿಯ ಚಿಪ್ಪು ಕೊಡಿ, ನೊಣದ ರೆಕ್ಕೆ ಕೊಡಿ. ನೊಣದ ರೆಕ್ಕೆಯ ಕಿನ್ನರಿಗೆ ಯಾರೂ ಮರ್ಯಾದೆ ಕೊಡುವುದಿಲ್ಲ ಅನ್ನುವುದೇ ಎಂಥಾ ಒಳ್ಳೆಯ ಆರಂಭ!

ಬೆನ್ನ ಮೇಲೆ ಕೂರಿಸುವ ಮೊದಲು

ಮಗು ಡ್ರ್ಯಾಗನ್ ಮೇಲೆ ಕೂತು ಹಾರುವ ದೃಶ್ಯ ಎಲ್ಲ ಸರಣಿಯಲ್ಲೂ ಬರುತ್ತದೆ, ಬರಲೇಬೇಕು. ಅದನ್ನು ಅವಸರದಲ್ಲಿ ಮುಗಿಸಬೇಡಿ. ಮಗು ಕೂರುವುದು ಎಲ್ಲಿ? ರೆಕ್ಕೆಯ ಬುಡದಲ್ಲಿ ಕೂತರೆ ತೊಡೆಯ ಕೆಳಗೆ ಸ್ನಾಯು ಏರಿಳಿಯುತ್ತಿರುತ್ತದೆ. ಕುತ್ತಿಗೆಯ ಬುಡದಲ್ಲಿ ಕೂತರೆ ಅದು ತಲೆ ತಿರುಗಿಸಿದಾಗಲೆಲ್ಲ ಜಾರುವ ಭಯ. ಗಾಳಿಯಲ್ಲಿ ಕಣ್ಣು ಬಿಡಲಾಗದು, ನೀರು ಬರುತ್ತದೆ. ಮಾತು ಕೇಳಿಸುವುದಿಲ್ಲ. ಎಷ್ಟೋ ಕಥೆಗಳಲ್ಲಿ ಮೋಡದ ಮೇಲೆ ಇಬ್ಬರೂ ಆರಾಮಾಗಿ ಹರಟೆ ಹೊಡೆಯುತ್ತಾರೆ. ಅದು ನನಗೆ ಸಹಿಸಲಾಗದು. ಮಾತು ಕೇಳಿಸದಿದ್ದರೆ ಮುಟ್ಟಿ ಹೇಳಬೇಕು, ಅದರಲ್ಲೇ ಗೆಳೆತನ ಬೆಳೆಯುತ್ತದೆ.

ಮೊದಲು ಹೀಗೆ ಬರೆದಿದ್ದೀರಿ ಅಂದುಕೊಳ್ಳಿ: "ಮೀನಾ ಡ್ರ್ಯಾಗನ್ ಬೆನ್ನೇರಿದಳು. ಅದು ಆಕಾಶಕ್ಕೆ ಹಾರಿತು. ಕೆಳಗೆ ಎಲ್ಲವೂ ಚಿಕ್ಕದಾಗಿ, ಸುಂದರವಾಗಿ ಕಂಡಿತು. ಅವಳಿಗೆ ತುಂಬಾ ಸಂತೋಷವಾಯಿತು." ತಪ್ಪೇನೂ ಇಲ್ಲ, ಆದರೆ ಇದನ್ನು ಹಾರದವರೂ ಬರೆಯಬಹುದು. ಈಗ ರೆಕ್ಕೆಯ ಚೀಟಿ ನೋಡಿಕೊಂಡು ಮತ್ತೆ ಬರೆಯೋಣ:

"ಬೂದಿ ಬಂಡೆಯ ತುದಿಗೆ ತೆವಳಿದ. ಮೀನಾ ಅವನ ಕುತ್ತಿಗೆ ತಬ್ಬಿ ಕಣ್ಣು ಮುಚ್ಚಿದಳು. ಏನೂ ಆಗಲಿಲ್ಲ. ಒಂದು ಕಣ್ಣು ತೆರೆದಳು. ಬೂದಿಯೂ ಒಂದು ಕಣ್ಣು ಮುಚ್ಚಿಕೊಂಡಿದ್ದ. 'ನಿನಗೂ ಭಯಾನಾ?' ಅಂತ ಕೇಳುವಷ್ಟರಲ್ಲಿ ಬಂಡೆ ಇರಲಿಲ್ಲ. ಹೊಟ್ಟೆ ಮೇಲೆ ಉಳಿದು ಅವಳೊಬ್ಬಳೇ ಕೆಳಗೆ ಹೋದ ಹಾಗಾಯಿತು. ಆಮೇಲೆ ಧಪ್ ಅಂತ ಚರ್ಮ ಬಿಚ್ಚಿತು."

ಇಲ್ಲಿ ಆಕಾಶದ ವರ್ಣನೆ ಒಂದೂ ಇಲ್ಲ. ಬೀಳುವುದು ಮೊದಲು, ಹಾರುವುದು ಆಮೇಲೆ. ಅದು ಬಾವಲಿ ರೆಕ್ಕೆ ಕೊಟ್ಟ ಉಡುಗೊರೆ.

ಕಿವಿಗೆ ಬರೆಯಿರಿ

ಈ ವಯಸ್ಸಿನ ಮಕ್ಕಳಲ್ಲಿ ಅನೇಕರು ಕಥೆಯನ್ನು ಓದುವುದಕ್ಕಿಂತ ಜಾಸ್ತಿ ಕೇಳುತ್ತಾರೆ. ಕನ್ನಡದಲ್ಲಿ ಸದ್ದಿನ ಮಾತುಗಳಿಗೆ ಬರವಿಲ್ಲ. ಅವನ್ನು ಪಾತ್ರಗಳಿಗೆ ಹಂಚಿಬಿಡಿ. ಗರಿಯ ರೆಕ್ಕೆಗೆ ಪಟಪಟ, ನಾಲ್ಕು ರೆಕ್ಕೆಯ ಕಿನ್ನರಿಗೆ ಝರ್ರ್, ದುಂಬಿಯಂಥವಳಿಗೆ ಟಕ್-ಗುಂಯ್, ಬೂದಿಗೆ ಧಪ್. ಒಬ್ಬರ ಸದ್ದು ಇನ್ನೊಬ್ಬರಿಗೆ ಕೊಡಬೇಡಿ. ಎರಡನೇ ಪುಸ್ತಕದ ಹೊತ್ತಿಗೆ ಹೆಸರು ಹೇಳದೆ, ಕತ್ತಲಲ್ಲಿ "ಟಕ್-ಗುಂಯ್" ಅಂತಷ್ಟೇ ಬರೆದರೂ ಕೇಳುವ ಮಗು ಅವಳ ಹೆಸರು ಕೂಗುತ್ತದೆ. ಗೂಬೆಯ ಗರಿಯವನಿಗೆ ಸದ್ದೇ ಇಲ್ಲ. ಅವನು ಯಾವಾಗ ಬಂದ ಅಂತ ಯಾರಿಗೂ ಗೊತ್ತಾಗದು, ಓದುವವರಿಗೂ.

ಹೆಸರು ಚಿಕ್ಕದಿರಲಿ, ದೂರದಿಂದ ಕೂಗುವಂತಿರಲಿ. ಬೂದಿ, ಚಿಟಿಕೆ, ಕೆಂಡ, ತೊಗಲ. ಒಂದೇ ಅಕ್ಷರದಿಂದ ಶುರುವಾಗುವ ಎರಡು ಮುಖ್ಯ ಪಾತ್ರ ಬೇಡ, ಗಟ್ಟಿಯಾಗಿ ಓದುವವರು ತಡವರಿಸುತ್ತಾರೆ.

ಇನ್ನೊಂದು ವಿಷಯಕ್ಕೆ ನಾನು ಬಹಳ ಹೊತ್ತು ಕೊಡುತ್ತೇನೆ. ಯಾರು ಯಾರಿಗೆ ನೀವು ಅನ್ನುತ್ತಾರೆ, ಯಾರು ಯಾರಿಗೆ ನೀನು ಅನ್ನುತ್ತಾರೆ? ಮುನ್ನೂರು ವರ್ಷದ ಡ್ರ್ಯಾಗನ್‌ಗೆ ಎಂಟು ವರ್ಷದ ಹುಡುಗಿ ಏನನ್ನಬೇಕು? "ನೀವು" ಅಂದರೆ ದೂರ, "ನೀನು" ಅಂದರೆ ಸಲಿಗೆ. ಅಜ್ಜ ಅನ್ನಲೇ? ಮುನ್ನೂರು ವರ್ಷವಾದರೂ ಡ್ರ್ಯಾಗನ್‌ಗಳ ಲೆಕ್ಕದಲ್ಲಿ ಅದು ಇನ್ನೂ ಹುಡುಗನಾಗಿದ್ದರೆ? ಶುರುವಿನಲ್ಲೇ ತೀರ್ಮಾನಿಸಿ, ಚೀಟಿಯ ಹಿಂದೆ ಬರೆದುಕೊಳ್ಳಿ. ಅದನ್ನು ಬದಲಿಸುವ ಜಾಗವನ್ನೂ ಮೊದಲೇ ಗುರುತಿಸಿಕೊಳ್ಳಿ. ಮೂರನೇ ಪುಸ್ತಕದಲ್ಲಿ ಅಪಾಯದ ಹೊತ್ತಿಗೆ ಹುಡುಗಿ ಮೊದಲ ಸಲ "ನೀನು ಹೋಗಬೇಡ" ಅಂದರೆ ಆ ಒಂದು ಮಾತೇ ಸಾಕು. ಅದಕ್ಕೆ ಮೊದಲು ಎರಡು ಪುಸ್ತಕ ಪೂರ್ತಿ ಅವಳು ಒಂದು ಸಲವೂ ಬಾಯಿತಪ್ಪಿ "ನೀನು" ಅಂದಿರಬಾರದು. ಕರಡು ತಿದ್ದುವಾಗ ಇದೊಂದಕ್ಕೇ ಬೇರೆಯಾಗಿ ಒಮ್ಮೆ ಓದಿ.

ಸರಣಿ ಅಂದರೆ

ಪ್ರತಿ ಪುಸ್ತಕದಲ್ಲೂ ಒಂದು ಚಿಕ್ಕ ತೊಂದರೆ ಶುರುವಾಗಿ ಅಲ್ಲೇ ಮುಗಿಯಬೇಕು. ಅದರ ಹಿಂದೆ ಒಂದು ದೊಡ್ಡ ಪ್ರಶ್ನೆ ಎಲ್ಲ ಪುಸ್ತಕಗಳಲ್ಲೂ ಎಳೆದುಕೊಂಡು ಹೋಗಬೇಕು. ಕಳೆದುಹೋದ ಮೊಟ್ಟೆ ಸಿಕ್ಕಿತು, ಅದು ಚಿಕ್ಕದು. ಮೊಟ್ಟೆಯನ್ನು ಬಚ್ಚಿಟ್ಟಿದ್ದು ಯಾರು, ಅದು ದೊಡ್ಡದು. ಕೊನೆಯ ಪುಟದಲ್ಲಿ ಕಥೆಯನ್ನು ಅರ್ಧಕ್ಕೆ ಕತ್ತರಿಸಿ ಮುಂದಿನ ಪುಸ್ತಕ ಕೊಳ್ಳಿ ಅನ್ನುವುದು ನನಗೆ ಹಿಡಿಸದು. ಏಳು ವರ್ಷದ ಮಗುವಿಗೆ ಮುಂದಿನ ಪುಸ್ತಕ ಬರುವ ತನಕ ಕಾಯುವುದು ಅಂದರೆ ಒಂದು ಯುಗ.

ಮೂರನೇ ಪುಸ್ತಕ ಮೊದಲು ಕೈಗೆ ಸಿಗುವ ಮಗುವೂ ಇರುತ್ತದೆ. ಅದಕ್ಕೆಂದು ಹಿಂದಿನ ಕಥೆಯನ್ನು ಎರಡು ಪುಟ ಹೇಳಬೇಡಿ. ನಿಯಮವನ್ನು ಒಂದು ಕೆಲಸದಲ್ಲಿ ತೋರಿಸಿ. "ಬೂದಿ ಎಂದಿನಂತೆ ನೀರಿನ ಟ್ಯಾಂಕ್ ಮೇಲೆ ನೇತಾಡುತ್ತಿದ್ದ, ನೆಲಕ್ಕಿಳಿದರೆ ಮತ್ತೆ ಹತ್ತಬೇಕಲ್ಲ ಅಂತ." ಹೊಸಬರಿಗೆ ಗೊತ್ತಾಯಿತು, ಹಳಬರಿಗೆ ಬೇಸರವಾಗಲಿಲ್ಲ.

ಒಂದು ನೋಟ್‌ಬುಕ್ ಬೇರೆಯೇ ಇಡಿ. ಯಾರ ಕಣ್ಣಿನ ಬಣ್ಣ ಏನು, ಯಾವ ರೆಕ್ಕೆಯಲ್ಲಿ ಗಾಯದ ಗುರುತು ಇದೆ, ಎಡವೋ ಬಲವೋ, ಯಾರಿಗೆ ಯಾರ ಗುಟ್ಟು ಗೊತ್ತು, ಯಾವ ಕಾಲದಲ್ಲಿ ಕಥೆ ನಡೆಯಿತು. ಪುಸ್ತಕಕ್ಕೊಂದು ಪುಟ, ಪಾತ್ರಕ್ಕೊಂದು ಪುಟ. ಚಿತ್ರ ಬಿಡಿಸುವವರಿಗೂ ಇದರ ಒಂದು ಪ್ರತಿ ಕೊಡಿ, ಇಲ್ಲದಿದ್ದರೆ ಮುಖಪುಟದಲ್ಲಿ ಗಾಯ ಪಕ್ಕ ಬದಲಿಸುತ್ತದೆ. ವಯಸ್ಸಿನ ಬಗ್ಗೆಯೂ ಯೋಚಿಸಿ. ಮಗು ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುತ್ತದೋ, ಸದಾ ಎಂಟೇ ವರ್ಷವೋ? ಬೆಳೆದರೆ ತೂಕವೂ ಬೆಳೆಯುತ್ತದೆ. ಒಂದು ದಿನ ಬೂದಿ ಅವಳನ್ನು ಹೊರಲಾರ. ನೀವು ಮೊದಲ ದಿನ ಬಿಡಿಸಿದ ರೆಕ್ಕೆ ಎಷ್ಟು ಭಾರ ಹೊರುತ್ತದೆ ಅನ್ನುವುದು ಸರಣಿ ಎಲ್ಲಿ ಮುಗಿಯಬೇಕು ಅಂತಲೂ ಹೇಳಬಹುದು.

ಭಯದ ವಿಷಯ: ಹೆದರಿಸಿ, ಆದರೆ ಹೆದರಿದ ಪಾತ್ರದ ಪಕ್ಕ ಯಾರಾದರೂ ಇರಲಿ. ಖಳನಿಗೂ ರೆಕ್ಕೆಯ ಚೀಟಿ ಮಾಡಿ, ಅವನ ಕೊರತೆ ಅವನಿಗೂ ನೋವು ಕೊಡಲಿ. ಭವಿಷ್ಯವಾಣಿಯಲ್ಲಿ ಹೆಸರಿರುವ ವಿಶೇಷ ಮಗು ಮಾತ್ರ ದಯವಿಟ್ಟು ಬೇಡ. ಯಾವ ವಿಶೇಷವೂ ಇಲ್ಲದ, ಹೆಗಲು ತಿಕ್ಕಲು ಬರುವ ಮಗು ಇದ್ದರೆ ಸಾಕು.

ಓದಿ ನೋಡುವುದು

ಒಂದು ಅಧ್ಯಾಯ ಮುಗಿದ ಮೇಲೆ ಯಾವುದಾದರೂ ಮಗುವಿಗೆ ಗಟ್ಟಿಯಾಗಿ ಓದಿ. ಮಲಗುವ ಮೊದಲು ಒಂದೇ ಕೂತಲ್ಲಿ ಮುಗಿಯದಿದ್ದರೆ ಅಧ್ಯಾಯ ಉದ್ದವಾಗಿದೆ. ಪೆನ್ಸಿಲ್ ಕೈಯಲ್ಲಿರಲಿ. ಮಗು ಕಾಲು ಆಡಿಸಲು ಶುರು ಮಾಡಿದ ಸಾಲಿಗೆ ಅಂಚಿನಲ್ಲಿ ಒಂದು ಗೀಟು ಹಾಕಿ. ಆ ಸಾಲುಗಳಲ್ಲಿ ಹೆಚ್ಚಿನವು ವರ್ಣನೆಯೇ ಆಗಿರುತ್ತವೆ.

"ಚೆನ್ನಾಗಿದೆಯಾ?" ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಕಾಗದ ಕೊಟ್ಟು "ಬೂದಿ ಮಲಗಿರೋ ಚಿತ್ರ ಬರಿ" ಅನ್ನಿ. ರೆಕ್ಕೆ ಎಲ್ಲಿದೆ, ಹೇಗೆ ಮಡಚಿದೆ ನೋಡಿ. ನೀವು ಬರೆದದ್ದಕ್ಕೂ ಚಿತ್ರಕ್ಕೂ ಹೊಂದದಿದ್ದರೆ ತಿದ್ದಬೇಕಾದದ್ದು ನಿಮ್ಮ ವಾಕ್ಯ. ಕೆಲವೊಮ್ಮೆ ಮಗುವಿನ ಚಿತ್ರವೇ ನಿಮ್ಮದಕ್ಕಿಂತ ಜಾಣತನದ್ದಾಗಿರುತ್ತದೆ, ಆಗ ನಾಚಿಕೆ ಇಲ್ಲದೆ ಎತ್ತಿಕೊಳ್ಳಿ. ಬೂದಿ ಬಾಲವನ್ನು ಹೆಬ್ಬೆರಳ ಕೊಕ್ಕೆಗೆ ಸಿಕ್ಕಿಸಿಕೊಂಡು ಮಲಗುವುದು ನಮ್ಮ ಅಕ್ಕನ ಮಗಳ ಚಿತ್ರದಿಂದ ಬಂದದ್ದು.

ಎರಡನೇ ಪುಸ್ತಕ ಯಾವಾಗ ಶುರು ಮಾಡಬೇಕು ಅಂತ ಕೇಳುವವರಿಗೆ ನನ್ನ ಬಳಿ ಒಂದೇ ಪರೀಕ್ಷೆ ಇದೆ. ಓದುವಾಗ ಬೇಕೆಂದೇ ಒಂದು ನಿಯಮ ಮುರಿಯಿರಿ. ಬಯಲಲ್ಲಿ ನಿಂತಿದ್ದ ಬೂದಿ ಸೀದಾ ಮೇಲಕ್ಕೆ ಹಾರಿದ ಅಂತ ಓದಿ. ಕೇಳುತ್ತಿರುವ ಮಗು ಸುಮ್ಮನಿದ್ದರೆ ಮೊದಲ ಪುಸ್ತಕವನ್ನು ಇನ್ನೊಮ್ಮೆ ತಿದ್ದಿ. "ಅಯ್ಯೋ, ಆಗಲ್ಲ ಅವನಿಗೆ, ಮೊದಲು ಎಲ್ಲಾದ್ರೂ ಹತ್ತಬೇಕು!" ಅಂತ ಜಗಳಕ್ಕೆ ಬಂದರೆ ಹೊಸ ನೋಟ್‌ಬುಕ್ ತೆಗೆಯಿರಿ.